ತಂಡ ಕಟ್ಟುವ ವಿದ್ಯೆ: ಮಂಗಳೂರಿನ ದಕ್ಕೆ, ಚೌಕಿ, ಕಚೇರಿಗಳಲ್ಲಿ

ಒಬ್ಬರ ಕೆಲಸ ಇನ್ನೊಬ್ಬರ ಕೆಲಸವಿಲ್ಲದೆ ಮುಗಿಯದು, ಬಂದ ಫಲ ಯಾರೊಬ್ಬರ ಹೆಸರಿಗೂ ಸಲ್ಲದು ಎಂಬಂಥ ಕಡೆ ಮಾತ್ರ ತಂಡ ಇರುತ್ತದೆ. ಒಂದೇ ಕೋಣೆಯಲ್ಲಿ ಕುಳಿತು ತಂತಮ್ಮ ಕಡತ ನೋಡಿಕೊಳ್ಳುವ ಹತ್ತು ಗುಮಾಸ್ತರು ಒಳ್ಳೆಯ ಸಹೋದ್ಯೋಗಿಗಳಾಗಿರಬಹುದು, ತಂಡವಲ್ಲ. ಮಂಗಳೂರಿನ ಹಳೆ ಬಂದರಿನ ದಕ್ಕೆಯಿಂದ ಹೊರಡುವ, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟಿನ ಇಪ್ಪತ್ತೈದು ಮೂವತ್ತು ಮಂದಿ ತಂಡ. ಹಿಂಡು ಕಂಡೊಡನೆ ಬೋಟು ತಿರುಗಿಸುವವರು, ಬಲೆ ಬಿಡುವವರು, ಅಡಿಯ ಹಗ್ಗ ಬಿಗಿಯುವವರು, ಇವರಲ್ಲಿ ಒಬ್ಬ ತಡವರಿಸಿದರೂ ಬಂಗುಡೆ ಬಲೆಯ ಕೆಳಗಿನಿಂದ ಪಾರಾಗುತ್ತದೆ. ಈ ವ್ಯತ್ಯಾಸವನ್ನು ಮೊದಲು ಗುರುತಿಸಬೇಕು. ತಂಡ ಬೇಕಿಲ್ಲದ ಕಡೆ ಸಭೆಯ ಮೇಲೆ ಸಭೆ ಕರೆಯುವುದು, ಬೇಕಾದ ಕಡೆ ಜನರನ್ನು ಒಬ್ಬೊಬ್ಬರಾಗಿ ದುಡಿಸಿ ಆಮೇಲೆ ಒಗ್ಗಟ್ಟಿಲ್ಲವೆಂದು ದೂರುವುದು, ಎರಡೂ ಸಂಸ್ಥೆಗಳಲ್ಲಿ ದಿನನಿತ್ಯ ಕಾಣುವ ತಪ್ಪುಗಳು.

ಜನ ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಮೊದಲು ಅಳೆದು ನೋಡಿದವರು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗಲ್ಮನ್. ಹಗ್ಗ ಎಳೆಸಿ ಮಾಡಿದ ಅವರ ಪ್ರಯೋಗಗಳು 1913ರಲ್ಲಿ ಪ್ರಕಟವಾದವು. ಎಂಟು ಮಂದಿ ಸೇರಿ ಎಳೆದಾಗ ಪ್ರತಿಯೊಬ್ಬನಿಂದ ಬಂದ ಬಲ ಅವನು ಒಬ್ಬನೇ ಎಳೆದಾಗ ಬರುತ್ತಿದ್ದುದರ ಅರ್ಧದಷ್ಟೂ ಇರಲಿಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಒಂದು ಕಾರಣ. ನಾನೊಬ್ಬ ಸಡಿಲ ಬಿಟ್ಟರೆ ಯಾರಿಗೂ ತಿಳಿಯದು ಎಂಬ ಭಾವನೆ ಇನ್ನೊಂದು ಎಂದು 1970ರ ದಶಕದ ಸಂಶೋಧಕರು ತೋರಿಸಿದರು. ಕರಾವಳಿಯ ರಂಪಣಿ ಮೀನುಗಾರಿಕೆಗೆ ಈ ಎರಡೂ ತೊಡಕುಗಳು ಹೊಸತಲ್ಲ. ದಡದಿಂದ ಎಳೆಯುವ ಆ ಭಾರಿ ಬಲೆಗೆ ಎಂಬತ್ತರಷ್ಟು ಮಂದಿ ಕೈಹಾಕಬೇಕಿತ್ತು. ಒಬ್ಬ ಎತ್ತಿದ ಸೊಲ್ಲಿಗೆ ಉಳಿದವರು ದನಿಗೂಡಿಸಿ ಒಂದೇ ಲಯದಲ್ಲಿ ಎಳೆಯುವುದರಿಂದ ಮೊದಲ ತೊಡಕು ನೀಗುತ್ತಿತ್ತು. ಎರಡನೆಯದಕ್ಕೆ ಪಾಲಿನ ಪದ್ಧತಿ ಇತ್ತು. ಸಿಕ್ಕಿದ ಮೀನು ಬಲೆಗಿಷ್ಟು, ದೋಣಿಗಿಷ್ಟು, ಆಳಿಗಿಷ್ಟು ಎಂದು ಮರಳಿನ ಮೇಲೆಯೇ, ಎಲ್ಲರ ಕಣ್ಣೆದುರೇ ಹಂಚಿಕೆಯಾಗುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ತಂಡದ ಗಾತ್ರ ಇಳಿಯಿತು, ಆದರೆ ಪಾಲಿನ ಲೆಕ್ಕ ಹೊಸ ರೂಪದಲ್ಲಿ ಉಳಿಯಿತು.

ಬೋಟಿನ ಮುಂದಾಳು ತಂಡೇಲ. ಬೋಟು ಅವನದೇ ಆಗಿರಬೇಕೆಂದಿಲ್ಲ; ಹೆಚ್ಚಿನ ಕಡೆ ಮಾಲೀಕ ದಡದಲ್ಲಿರುತ್ತಾನೆ. ನೀರಿನ ಬಣ್ಣ, ಹಕ್ಕಿಗಳ ಹಾರಾಟ, ಗಾಳಿಯ ದಿಕ್ಕು, ಈಗೀಗ ಮೀನು ಹುಡುಕುವ ಯಂತ್ರದ ಪರದೆ, ಎಲ್ಲವನ್ನೂ ಓದಿ ಬಲೆ ಬಿಡುವ ಗಳಿಗೆಯನ್ನು ನಿರ್ಧರಿಸುವವನು ಅವನೇ. ಆ ಗಳಿಗೆಯಲ್ಲಿ ಚರ್ಚೆಗೆ ಎಡೆಯಿಲ್ಲ. ನದಿ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಮರಳು ತುಂಬಿ ಅಲೆ ಒಡೆಯುವಾಗ ಬೋಟನ್ನು ಒಳಗೆ ತರುವ ಕೆಲಸದಲ್ಲೂ ಒಬ್ಬನ ಮಾತೇ ನಡೆಯಬೇಕು. ಹಾಗೆಂದು ತಂಡೇಲನ ನಾಯಕತ್ವ ಬರೇ ಆಜ್ಞೆಯೆಂದು ತಿಳಿದರೆ ತಪ್ಪು. ಅದರ ಬಹುಪಾಲು ಕಾಣುವುದು ಕಡಲಿಗಿಳಿಯುವ ಮೊದಲು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಅವಧಿ ಮುಗಿಯುವ ಹೊತ್ತಿಗೆ ಯಾರನ್ನು ಕರೆಯಬೇಕು, ಯಾರಿಗೆ ಮುಂಗಡ ಕೊಡಬೇಕು, ಯಾರು ಯಾರ ಪಕ್ಕದಲ್ಲಿ ನಿಂತರೆ ಜಗಳವಾಗದು ಎಂಬುದೆಲ್ಲ ತೀರ್ಮಾನವಾಗಿರಬೇಕು. ಬಲೆ ಹೊಲಿದು, ಡೀಸೆಲ್, ಐಸು, ರೇಷನ್ ತುಂಬಿರಬೇಕು. ದಿನಗಟ್ಟಲೆ ಕಡಲಲ್ಲೇ ಉಳಿಯುವ ಟ್ರಾಲ್ ಬೋಟುಗಳಲ್ಲಿ ಎಂಟು ಹತ್ತು ಮಂದಿ ಇಕ್ಕಟ್ಟಿನಲ್ಲಿ ಉಣ್ಣಬೇಕು, ಮಲಗಬೇಕು. ಅಲ್ಲಿ ಅಡುಗೆಯವನ ಆಯ್ಕೆಯೂ ಸಣ್ಣ ವಿಷಯವಲ್ಲ. ಈ ಬೋಟುಗಳಲ್ಲಿ ಇಂದು ಆಂಧ್ರ, ತಮಿಳುನಾಡು, ಒಡಿಶಾ, ಜಾರ್ಖಂಡ್ ಕಡೆಯ ಕಲಾಸಿಗಳೂ (ಬೋಟಿನ ಆಳುಗಳೂ) ಇದ್ದಾರೆ. ತುಳು ಬಾರದ ಹುಡುಗನಿಗೆ ಕೈಸನ್ನೆಯಲ್ಲೇ ಕೆಲಸ ಕಲಿಸಿ ಅವನನ್ನು ಬಲೆಯ ಸಾಲಿಗೆ ಸೇರಿಸಿಕೊಳ್ಳುವ ತಂಡೇಲ ಯಾವ ಮ್ಯಾನೇಜರನಿಗೂ ಕಡಿಮೆಯಲ್ಲ.

ತಂಡೇಲನಾಗುವುದಕ್ಕೆ ಶಾಲೆಯಿಲ್ಲ. ಹುಡುಗನಾಗಿ ಬೋಟು ಹತ್ತಿದವನು ಚಿಲ್ಲರೆ ಕೆಲಸ, ಮೀನು ವಿಂಗಡಿಸುವುದು, ಬಲೆ ಎಳೆಯುವುದು, ಬಲೆ ಹೊಲಿಯುವುದು, ಸುಕ್ಕಾನು ಹಿಡಿಯುವುದು ಹೀಗೆ ಒಂದೊಂದನ್ನೇ ದಾಟಿ ಮೇಲೆ ಬರುತ್ತಾನೆ. ತಾನು ಮಾಡದ ಕೆಲಸವನ್ನು ಅವನು ಇನ್ನೊಬ್ಬನಿಗೆ ಹೇಳುವುದಿಲ್ಲ. ಅವನ ಮಾತಿಗೆ ಬೆಲೆ ಬರುವುದು ಇದರಿಂದ, ಮತ್ತು ಪ್ರತಿ ಟ್ರಿಪ್ಪಿನ ಕೊನೆಗೆ ಲೆಕ್ಕ ಬಿಡಿಸಿ ಹೇಳುವುದರಿಂದ. ಲೆಕ್ಕ ಮುಚ್ಚಿಟ್ಟ ಬೋಟಿನಿಂದ ಜನ ಮುಂದಿನ ಹಂಗಾಮಿಗೆ ಬೇರೆ ಬೋಟಿಗೆ ಹೋಗುತ್ತಾರೆ.

ಹಾರ್ವರ್ಡಿನ ರಿಚರ್ಡ್ ಹ್ಯಾಕ್‌ಮನ್ ಸಂಗೀತ ತಂಡಗಳನ್ನೂ ವಿಮಾನ ಸಿಬ್ಬಂದಿಯನ್ನೂ ದಶಕಗಳ ಕಾಲ ಗಮನಿಸಿ ಬಂದ ತೀರ್ಮಾನ ದಕ್ಕೆಯವರಿಗೆ ಅಪರಿಚಿತವೆನಿಸದು. ತಂಡದ ಯಶಸ್ಸಿನಲ್ಲಿ ಸುಮಾರು ನೂರಕ್ಕೆ ಅರುವತ್ತು ಪಾಲು ಮೊದಲೇ ಮಾಡಿಟ್ಟ ಸಿದ್ಧತೆಯಿಂದ, ಮೂವತ್ತು ಪಾಲು ಕೆಲಸವನ್ನು ಶುರುಮಾಡಿಕೊಟ್ಟ ರೀತಿಯಿಂದ ಬರುತ್ತದೆ, ಕೆಲಸ ನಡೆಯುತ್ತಿರುವಾಗ ನಾಯಕ ಕೊಡುವ ಸೂಚನೆಗಳಿಗೆ ಉಳಿಯುವುದು ಹತ್ತೇ ಪಾಲು ಎಂಬುದು ಅವರ ಅಂದಾಜು. ಯಾರು ತಂಡದೊಳಗೆ, ಯಾರು ಹೊರಗೆ ಎಂಬುದು ಸ್ಪಷ್ಟವಿರಬೇಕು. ಗುರಿ ಎಲ್ಲರಿಗೂ ಅರ್ಥವಾಗಿರಬೇಕು. ಕೆಲಸದ ಹಂಚಿಕೆ, ಸಾಮಗ್ರಿ, ಹೇಳಿಕೊಡುವವರು ಇರಬೇಕು ಎಂದು ಅವರು 2002ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ನಾಯಕತ್ವದ ತರಬೇತಿಗಳು ಸಾಮಾನ್ಯವಾಗಿ ಆ ಕೊನೆಯ ಹತ್ತು ಪಾಲಿಗೇ, ಅಂದರೆ ಮಾತಿನ ಚಾತುರ್ಯಕ್ಕೂ ಹುರಿದುಂಬಿಸುವ ಕಲೆಗೂ, ಹೆಚ್ಚಿನ ಸಮಯ ಕೊಡುತ್ತವೆ. ಇದು ವಿಷಾದದ ಸಂಗತಿ.

ಮೊದಲೇ ಮಾಡಿದ ಸಿದ್ಧತೆ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ತೆಂಕುತಿಟ್ಟಿನ ಯಕ್ಷಗಾನ ಮೇಳಗಳಿಗಿಂತ ದೊಡ್ಡ ಸಾಕ್ಷಿ ಈ ನಾಡಿನಲ್ಲಿ ಸಿಗದು. ಭಕ್ತರು ಹರಕೆ ಹೊತ್ತು ಆಡಿಸುವ ಕಟೀಲಿನ ಮೇಳಗಳು ನವೆಂಬರಿನ ಹೊತ್ತಿಗೆ ಹೊರಟು ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ದಿನಕ್ಕೊಂದು ಊರಿನಲ್ಲಿ ಆಟ ಆಡುತ್ತವೆ. ಪ್ರಸಂಗ ಸೇವಾಕರ್ತರ ಇಷ್ಟದಂತೆ ಬದಲಾಗುತ್ತದೆ. ರಿಹರ್ಸಲ್ ಎಂಬುದಿಲ್ಲ. ಬರೆದ ಸಂಭಾಷಣೆಯೂ ಇಲ್ಲ. ಹಾಡುವ ಪದಗಳು ಮಾತ್ರ ನಿಗದಿ; ಅರ್ಥ, ಅಂದರೆ ವೇಷಧಾರಿಯ ಮಾತು, ಆಯಾ ಕ್ಷಣದಲ್ಲಿ ಹುಟ್ಟಬೇಕು. ವೇಷಧಾರಿಗೆ ಆ ರಾತ್ರಿಯ ಪಾತ್ರ ಖಚಿತವಾಗುವುದು ಎಷ್ಟೋ ಸಲ ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲೇ. ಆದರೂ ಆಟ ಕೆಡುವುದಿಲ್ಲ. ಹಾಡಿ ಆಟ ನಡೆಸುವ ಭಾಗವತ, ಚೆಂಡೆ, ಮದ್ದಳೆ, ಕಿರೀಟವೇಷ, ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯಗಾರ, ಹೀಗೆ ಸ್ಥಾನಗಳು ಖಚಿತ. ಪ್ರತಿ ಸ್ಥಾನಕ್ಕೂ ನಡೆ, ತಾಳ, ಪ್ರವೇಶದ ಕ್ರಮ ಖಚಿತ. ಇಷ್ಟು ಗಟ್ಟಿಯಾದ ಕಟ್ಟು ಇರುವುದರಿಂದಲೇ ಉಳಿದುದರಲ್ಲಿ ಅಷ್ಟು ಸ್ವಾತಂತ್ರ್ಯ. ಶಿಸ್ತು ಹೆಚ್ಚಾದರೆ ಸೃಜನಶೀಲತೆ ಸೊರಗುತ್ತದೆ ಎನ್ನುವವರು ಒಮ್ಮೆ ಚೌಕಿಯಲ್ಲಿ ರಾತ್ರಿ ಕಳೆಯಬೇಕು.

ಮೇಳದಲ್ಲಿ ನಾಯಕತ್ವವನ್ನು ಎರಡಾಗಿ ಹಂಚಲಾಗಿದೆ. ಹಣ, ಪ್ರಯಾಣ, ವೀಳ್ಯ, ಸಂಬಳ ಯಜಮಾನ ಮತ್ತು ಮ್ಯಾನೇಜರ್ ನೋಡಿಕೊಳ್ಳುತ್ತಾರೆ. ರಂಗಸ್ಥಳಕ್ಕೆ ಭಾಗವತನೇ ಒಡೆಯ. ಅವನು ಜಾಗಟೆ ಹಿಡಿದು ರಂಗದ ಹಿಂಭಾಗದಲ್ಲಿರುತ್ತಾನೆ. ಬೆಳಕು, ಚಪ್ಪಾಳೆ ವೇಷಧಾರಿಗಳದು. ಆಟದ ವೇಗ ಅವನ ಕೈಯಲ್ಲಿ. ಯಾರದೋ ಮಾತು ಅಳತೆ ಮೀರಿತೆಂದರೆ ಬೈಯುವುದಿಲ್ಲ, ಮುಂದಿನ ಪದ ಎತ್ತುತ್ತಾನೆ. ಹೊಸ ಹುಡುಗನ ಕಾಲು ತಾಳಕ್ಕೆ ಸಿಗದಿದ್ದರೆ ನಡೆ ನಿಧಾನ ಮಾಡಿ ಅವನನ್ನು ಉಳಿಸುತ್ತಾನೆ. ಎದುರು ಪಾತ್ರದ ಹಿರಿಯನ ಹೊಣೆಯೂ ಸಣ್ಣದಲ್ಲ. ಉತ್ತರ ಹೊಳೆಯದೆ ನಿಂತವನಿಗೆ ಪ್ರಶ್ನೆಯೊಳಗೇ ಉತ್ತರದ ಎಳೆ ಕೊಡುವುದು ಒಳ್ಳೆಯ ಅರ್ಥಧಾರಿಯ ಲಕ್ಷಣ. ಜೊತೆಯವನನ್ನು ಸೋಲಿಸಿ ತಾನು ಮಿಂಚಿದವನಿಗೆ ಆ ರಾತ್ರಿ ಕೈತಟ್ಟುವವರು ಸಿಗಬಹುದು, ಆದರೆ ಪ್ರಸಂಗ ಸೋಲುತ್ತದೆ, ಮತ್ತು ಚೌಕಿಗೆ ಅದು ಗೊತ್ತಾಗುತ್ತದೆ. ಕಟೀಲು ಮೇಳದಲ್ಲಿ ದೀರ್ಘಕಾಲ ಹಾಡಿದ ಬಲಿಪ ನಾರಾಯಣ ಭಾಗವತರು (1938–2023) ಹಲವಾರು ಪ್ರಸಂಗಗಳನ್ನು ಪುಸ್ತಕದ ಹಂಗಿಲ್ಲದೆ ನಡೆಸಬಲ್ಲವರಾಗಿದ್ದರು. ಇಡೀ ಕಥೆ ಭಾಗವತನ ತಲೆಯಲ್ಲಿದ್ದಾಗಲೇ ಅವನ ಕಣ್ಣು ಪುಸ್ತಕ ಬಿಟ್ಟು ಕಲಾವಿದರ ಮೇಲಿರಲು ಸಾಧ್ಯ.

ಮೇಳ ಕಲಿಸುವ ಕ್ರಮವೂ ಗಮನಿಸತಕ್ಕದ್ದು. ಹೊಸಬ ಕೋಡಂಗಿ, ಬಾಲಗೋಪಾಲ, ನಿತ್ಯವೇಷಗಳಿಂದ ಶುರುಮಾಡುತ್ತಾನೆ. ಜನ ಇನ್ನೂ ಸೇರುತ್ತಿರುವ ಹೊತ್ತು ಅದು, ತಪ್ಪಿದರೂ ಹಾನಿಯಿಲ್ಲ. ಪ್ರಸಂಗಕ್ಕೆ ಮೊದಲಿನ ಈ ಪೂರ್ವರಂಗದಲ್ಲಿ ಹಾಡುವವನು ಪ್ರಧಾನ ಭಾಗವತನಲ್ಲ, ಸಂಗೀತಗಾರನೆಂದು ಕರೆಸಿಕೊಳ್ಳುವ ಕಿರಿಯ. ಅಂದರೆ ಮುಂದಿನ ಭಾಗವತ ಪ್ರತಿ ರಾತ್ರಿ ಒಂದಷ್ಟು ಹೊತ್ತು ನಿಜವಾದ ತಂಡವನ್ನು ನಿಜವಾದ ರಂಗದ ಮೇಲೆ ನಡೆಸುತ್ತಾನೆ. ಆಮೇಲೆ ಹಿರಿಯರು ಅದೇ ಹಿಮ್ಮೇಳವನ್ನು ಹೇಗೆ ನಡೆಸುತ್ತಾರೆಂದು ಪಕ್ಕದಲ್ಲೇ ಕುಳಿತು ನೋಡುತ್ತಾನೆ. ಮಾಡುವುದು, ನೋಡುವುದು, ಮರುದಿನ ಮತ್ತೆ ಮಾಡುವುದು ಎಂಬ ಈ ಸರಣಿಗಿಂತ ಚೆನ್ನಾದ ನಾಯಕತ್ವದ ಪಾಠಪಟ್ಟಿಯನ್ನು ಯಾವ ಸಂಸ್ಥೆಯೂ ರೂಪಿಸಿಲ್ಲವೆಂದರೆ ಉತ್ಪ್ರೇಕ್ಷೆಯಾಗದು. ಇಡೀ ರಾತ್ರಿಯ ಬದಲು ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಆಟಗಳು ಬಂದ ಮೇಲೆ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಬೆಳಗಿನ ತನಕ ಕೂರಲಾಗದ ಪ್ರೇಕ್ಷಕರಿಗೆ ಅದು ಅನುಕೂಲವೇ. ಆದರೆ ಕಿರಿಯರು ತಪ್ಪುತ್ತಾ ಕಲಿಯುವ ಆ ಒಂದೆರಡು ಗಂಟೆಗೆ ಬದಲಿ ಏರ್ಪಾಡು ಆಗಲೇಬೇಕು.

ಅನುಭವಿ ನಾಯಕನಿದ್ದರೆ ಸಾಕು ಎಂಬ ನಂಬಿಕೆಗೆ ಮಂಗಳೂರು ಭಾರಿ ಬೆಲೆ ತೆತ್ತಿದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, 8 ಮಂದಿ ಬದುಕಿದರು. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅಧ್ಯಕ್ಷತೆಯ ತನಿಖಾ ನ್ಯಾಯಾಲಯದ ವರದಿಯನ್ನು ತಂಡದ ಕೆಲಸದ ಬಗ್ಗೆ ಆಸಕ್ತಿ ಇರುವ ಎಲ್ಲರೂ ಓದಬೇಕು. ಕ್ಯಾಪ್ಟನ್ ಸಾಕಷ್ಟು ಅನುಭವಿ. ಹಾರಾಟದ ನಡುವೆ ಒಂದೂವರೆ ಗಂಟೆಗೂ ಮೀರಿ ಅವರು ನಿದ್ರಿಸಿದ್ದರು, ಅದರ ಮಂಪರು ಪೂರ್ತಿ ಹರಿದಿರಲಿಲ್ಲ. ವಿಮಾನ ಇಳಿಯುವಾಗ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು, ವೇಗವೂ ಹೆಚ್ಚಿತ್ತು. ಇಳಿಯುವುದು ಬೇಡ, ಮೇಲೇರಿ ಮತ್ತೆ ಸುತ್ತಿ ಬರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಯಂತ್ರದ ಎಚ್ಚರಿಕೆಗಳೂ ಮೊಳಗಿದವು. ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು. 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ.

ಇಲ್ಲಿ ಕಿರಿಯರು ಬಾಯಿ ಬಿಟ್ಟು ಹೇಳಿದ್ದರು. ಆದರೆ ಹೇಳಿದ್ದನ್ನು ಹಿರಿಯರು ಕೇಳದಿದ್ದಾಗ ಮುಂದೇನು ಎಂಬುದು ಸ್ಪಷ್ಟವಿರಲಿಲ್ಲ. ಸಹ ಪೈಲಟ್ ಯಾವಾಗ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದು ಎಂಬ ಬಗ್ಗೆ ಇದ್ದ ಸೂಚನೆಗಳಲ್ಲಿನ ಗೊಂದಲವೇ ಅವರು ಹಾಗೆ ಮಾಡದಿರಲು ಕಾರಣವಾಗಿರಬಹುದೆಂದು ವರದಿ ಹೇಳಿತು. ವಿಮಾನಯಾನಕ್ಕೆ ಈ ಸಮಸ್ಯೆ ಹೊಸದಲ್ಲ. 1977ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತಾಗಲೂ ಕಾಕ್‌ಪಿಟ್ಟಿನಲ್ಲಿ ಎದ್ದ ಅನುಮಾನದ ದನಿಯೊಂದು ಹಿರಿಯ ಕ್ಯಾಪ್ಟನ್ನಿನ ಮುಂದೆ ಅಡಗಿತ್ತು. 1979ರಲ್ಲಿ ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಸಿಬ್ಬಂದಿಗೆ ಕೂಡಿ ಕೆಲಸ ಮಾಡುವ ತರಬೇತಿಯನ್ನು ಆರಂಭಿಸಿತು. ಮುಂದೆ ಅದು ಜಗತ್ತಿನಾದ್ಯಂತ ಕಡ್ಡಾಯವಾಯಿತು. ಅಪಾಯ ಕಂಡವನು ಮೊದಲು ಪ್ರಶ್ನೆಯಾಗಿ, ಆಮೇಲೆ ಸ್ಪಷ್ಟ ಹೇಳಿಕೆಯಾಗಿ, ಕೊನೆಗೆ ಕ್ರಿಯೆಯಾಗಿ ಅದನ್ನು ಮುಂದೊತ್ತುವುದನ್ನು ಅಲ್ಲಿ ಅಭ್ಯಾಸ ಮಾಡಿಸುತ್ತಾರೆ. ಹಿರಿಯನಿಗೆ ಅದಕ್ಕಿಂತ ಕಷ್ಟದ ಪಾಠ: ತನ್ನ ನಿರ್ಧಾರ ತಪ್ಪೆಂದು ಕಿರಿಯ ಹೇಳಿದ ಕ್ಷಣ ಅದನ್ನು ಅವಮಾನವೆಂದು ತಿಳಿಯದಿರುವುದು. ಹಿರಿಯರೆದುರು ದನಿಯೆತ್ತಬಾರದೆಂದು ಮನೆಯಲ್ಲೂ ಶಾಲೆಯಲ್ಲೂ ಕಲಿಸುವ ಸಮಾಜದಲ್ಲಿ ಈ ಅಭ್ಯಾಸ ತಾನಾಗಿ ಬರುವುದಿಲ್ಲ. ಅದನ್ನು ನಿಯಮದಲ್ಲಿ ಬರೆದು, ಮೇಲಿಂದ ಮೇಲೆ ಮಾಡಿಸಿ ಕಲಿಸಬೇಕಾಗುತ್ತದೆ.

ಆಸ್ಪತ್ರೆಗಳ ಊರಾದ ಮಂಗಳೂರಿಗೆ ಇದೇ ವಿಷಯ ಇನ್ನೊಂದು ಬಾಗಿಲಿನಿಂದ ಬರುತ್ತದೆ. 1848ರ ವೆನ್ಲಾಕ್, 1880ರ ಫಾದರ್ ಮುಲ್ಲರ್, 1950ರ ದಶಕದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಆಮೇಲಿನ ಹತ್ತಾರು ಆಸ್ಪತ್ರೆಗಳು, ಎಲ್ಲೆಡೆ ರೋಗಿಯ ಪ್ರಾಣ ವೈದ್ಯ, ಅರಿವಳಿಕೆ ತಜ್ಞ, ನರ್ಸ್, ತಂತ್ರಜ್ಞ ಇವರ ನಡುವಿನ ಮಾತುಕತೆಯ ಮೇಲೆ ನಿಂತಿದೆ. ಸಂಶೋಧಕಿ ಎಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳ ಔಷಧ ಪ್ರಮಾದಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವವಿದ್ದ ವಾರ್ಡುಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ತಪ್ಪು ಹೆಚ್ಚು ನಡೆಯುತ್ತಿರಲಿಲ್ಲ, ತಪ್ಪನ್ನು ಹೇಳಿಕೊಳ್ಳುವ ಧೈರ್ಯ ಹೆಚ್ಚಿತ್ತು. ಹೇಳಿದರೆ ಶಿಕ್ಷೆಯಾಗದು, ನಗೆಪಾಟಲಾಗದು ಎಂಬ ಈ ಭರವಸೆಯನ್ನು ಅವರು 1999ರಲ್ಲಿ ತಂಡದ ಮಾನಸಿಕ ಸುರಕ್ಷತೆ ಎಂದು ಹೆಸರಿಸಿದರು. ಗೂಗಲ್ ತನ್ನ 180ರಷ್ಟು ತಂಡಗಳನ್ನು ಪರಿಶೀಲಿಸಿದಾಗಲೂ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಶಸ್ತ್ರಚಿಕಿತ್ಸೆಗೆ ಮುನ್ನ ಎಲ್ಲರೂ ಹೆಸರು, ಹೊಣೆ ಹೇಳಿಕೊಳ್ಳುವುದನ್ನೂ ಒಳಗೊಂಡ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ತಪಾಸಣಾ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಬಂತು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು.

ತಂಡಕ್ಕೆ ಯಾರನ್ನು ಆರಿಸಬೇಕು ಎಂಬ ಪ್ರಶ್ನೆಗೆ ಅತಿ ಬುದ್ಧಿವಂತರನ್ನು ಎಂಬ ಉತ್ತರ ಸುಲಭವಾಗಿ ಬರುತ್ತದೆ. ಇಂಗ್ಲೆಂಡಿನ ಸಂಶೋಧಕ ಮೆರಿಡಿತ್ ಬೆಲ್ಬಿನ್ ವ್ಯವಹಾರ ಪಂದ್ಯಗಳಲ್ಲಿ ಅಂಥ ತಂಡಗಳನ್ನೇ ಬೇಕೆಂದು ಕಟ್ಟಿ ನೋಡಿದರು. ಅವು ವಾದದಲ್ಲೇ ಕಾಲ ಕಳೆದು ಹಿಂದೆ ಬಿದ್ದವು. 2010ರಲ್ಲಿ ಸಂಶೋಧಕಿ ಅನಿತಾ ವೂಲಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ ತಂಡದ ಒಟ್ಟು ಜಾಣತನ ಸದಸ್ಯರ ಸರಾಸರಿ ಬುದ್ಧಿಮತ್ತೆಗಿಂತ ಹೆಚ್ಚಾಗಿ, ಮಾತಿನ ಸರದಿ ಎಷ್ಟು ಸಮನಾಗಿ ಸಿಗುತ್ತದೆ, ಎದುರಿನವರ ಮನಸ್ಸನ್ನು ಎಷ್ಟು ಓದಬಲ್ಲರು ಎಂಬುದರ ಜೊತೆ ತಳಕು ಹಾಕಿಕೊಂಡಿತ್ತು. ಹೆಂಗಸರು ಹೆಚ್ಚಿದ್ದ ತಂಡಗಳು ಮುಂದಿದ್ದವು.

ಮಾತಿನ ಸರದಿಯ ವಿಷಯದಲ್ಲಿ ಮಂಗಳೂರಿಗೆ ತನ್ನದೇ ಒಂದು ಸವಾಲು ಇದೆ. ಇಲ್ಲಿನ ಯಾವ ಕಚೇರಿಯಲ್ಲೂ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಒಟ್ಟಿಗೇ ಕೇಳಿಬರುತ್ತವೆ. 1990ರ ದಶಕದಲ್ಲಿ ಇನ್ಫೋಸಿಸ್ ಕೊಟ್ಟಾರಕ್ಕೆ ಬಂದಂದಿನಿಂದ ಸಾಫ್ಟ್‌ವೇರ್ ಕಚೇರಿಗಳಲ್ಲಿ ಹಿಂದಿ, ಇಂಗ್ಲಿಷ್ ಕೂಡ. ಸಭೆಯ ಅಧಿಕೃತ ಭಾಷೆ ಯಾವುದಿದ್ದರೂ ನಿಜವಾದ ತೀರ್ಮಾನ ಆಗುವುದು ಊಟದ ಮೇಜಿನ ತುಳುವಿನಲ್ಲೋ ಕೊಂಕಣಿಯಲ್ಲೋ. ಅಲ್ಲಿ ಆ ಭಾಷೆ ಬಾರದವರು ತಂಡದ ಹೊರಗೆ ಉಳಿಯುತ್ತಾರೆ, ಯಾರೂ ಬೇಕೆಂದೇ ಹೊರಗಿಟ್ಟಿರುವುದಿಲ್ಲ. ಮನೆಮಾತಿನ ಸಲುಗೆಯನ್ನು ನಿಲ್ಲಿಸುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಊಟದ ಮೇಜಿನಲ್ಲಿ ಆದ ಮಾತನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಮತ್ತೆ ಸಭೆಗೆ ತರುವುದು, ಮಾತಾಡದವರನ್ನು ಹೆಸರು ಹಿಡಿದು ಕೇಳುವುದು ನಾಯಕನ ಕೆಲಸ. ಈ ಸಣ್ಣ ಶಿಸ್ತು ಎಷ್ಟೋ ಒಳ್ಳೆಯ ಕೆಲಸಗಾರರನ್ನು ಉಳಿಸಿಕೊಡುತ್ತದೆ.

ಬ್ಯಾಂಕುಗಳ ವಿಲೀನ ಇದಕ್ಕಿಂತ ದೊಡ್ಡ ಪರೀಕ್ಷೆ. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದ್ದು ಇಲ್ಲಿ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ್ದೂ ಇಲ್ಲಿ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದೊಳಗೆ, ಮುಂದಿನ ವರ್ಷ ಅದೇ ದಿನ ಮಂಗಳೂರಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿದವು. ಬೋರ್ಡು ಬದಲಾಗಲು ಒಂದು ದಿನ ಸಾಕು. ಗಿರಾಕಿಯನ್ನು ಮಾತಾಡಿಸುವ ರೀತಿ, ಮೇಲಧಿಕಾರಿಯ ಬಳಿ ಕೇಳದೆ ಎಷ್ಟು ನಿರ್ಧರಿಸಬಹುದು ಎಂಬ ಅಂದಾಜು, ಬರೆಯದೆ ನಡೆದುಬಂದ ರೂಢಿಗಳು ಕೂಡಿಬರಲು ವರ್ಷಗಳು ಬೇಕು. 1965ರಲ್ಲಿ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ ಗುರುತಿಸಿದ ಹಂತಗಳು, ಅಂದರೆ ಕೂಡುವುದು, ಕಿತ್ತಾಡುವುದು, ನಡಾವಳಿ ಒಪ್ಪಿಕೊಳ್ಳುವುದು, ಕೆಲಸಕ್ಕೆ ಕುದುರುವುದು, ಇಂಥ ಕಡೆ ಸ್ಪಷ್ಟವಾಗಿ ಕಾಣುತ್ತವೆ. ಎರಡನೆಯ ಹಂತದ ಕಿತ್ತಾಟವನ್ನು ರೋಗವೆಂದು ಬಗೆದು ಅದುಮುವ ಮ್ಯಾನೇಜರನ ತಂಡ ಮೂರನೆಯದಕ್ಕೆ ತಲುಪುವುದೇ ಇಲ್ಲ.

ಸಂಬಳದ ಹಂಗಿಲ್ಲದ ತಂಡಗಳ ದಾರಿ ಬೇರೆ. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರ ಜುಲೈಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ನೋಂದಣಿಯಾಯಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಂದೇ ಸಹಕಾರಿಯೊಳಗೆ ತಂದದ್ದು ಆಜ್ಞೆಯಿಂದಲ್ಲ, ನ್ಯಾಯವಾದ ಬೆಲೆ ಎಂಬ ಒಂದೇ ಗುರಿಯಿಂದ. ಗುರಿ ಅಷ್ಟು ಸರಳವಾಗಿದ್ದುದರಿಂದ ಕಾಸರಗೋಡಿನ ಸಣ್ಣ ಬೆಳೆಗಾರನಿಗೂ ಪುತ್ತೂರಿನ ದೊಡ್ಡ ತೋಟದವನಿಗೂ ಅದು ತನ್ನದೇ ಎನಿಸಿತು. 1986ರಲ್ಲಿ ಪುತ್ತೂರಿನ ಚಾಕೊಲೆಟ್ ಕಾರ್ಖಾನೆ ಆರಂಭವಾಗುವ ಹೊತ್ತಿಗೆ ಅದೇ ಸಂಘಟನೆ ಕೊಕ್ಕೋ ಬೆಳೆಗಾರರ ಬೆನ್ನಿಗೂ ನಿಂತಿತ್ತು.

ಹಳ್ಳಿಗಳಲ್ಲಿ ಕೆಲಸಕ್ಕೆ ಬದಲು ಕೆಲಸ ಮಾಡಿಕೊಡುವ ಮುಯ್ಯಾಳಿನ ಪದ್ಧತಿ ಮೊದಲಿನಿಂದಲೂ ಇತ್ತು. ಧರ್ಮಸ್ಥಳದಲ್ಲಿ 1982ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳು ಅದಕ್ಕೆ ಕ್ರಮ ತಂದವು: ಸಣ್ಣ ಹಿಡುವಳಿದಾರರು ಕೆಲವರು ಸೇರಿ ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ದುಡಿಯುವುದು. ಯಾರ ಗದ್ದೆಯೋ ಅವತ್ತು ಅವರೇ ಮುಂದಾಳು. ಒಂದು ವಾರ ಹೇಳುವವನು ಮುಂದಿನ ವಾರ ಕೇಳುವವನಾಗಿರುವುದರಿಂದ ಅಧಿಕಾರ ತಲೆಗೇರಲು ಬಿಡುವೇ ಸಿಗದು. ಮಹಿಳೆಯರ ಸ್ವಸಹಾಯ ಸಂಘಗಳಲ್ಲೂ ಅಧ್ಯಕ್ಷರ ಸ್ಥಾನ ಸರದಿಯಂತೆ ಬದಲಾಗುವ ಕಡೆ ಇದೇ ಗುಣ ಕಾಣುತ್ತದೆ. ಸಭೆ ನಡೆಸುವುದು, ನಿರ್ಣಯ ಬರೆಯುವುದು, ಬ್ಯಾಂಕಿಗೆ ಹೋಗಿ ಮಾತಾಡುವುದು, ಕಂತು ತಪ್ಪಿಸಿದ ನೆರೆಯವಳನ್ನು ಮುಖ ಕೆಡಿಸದೆ ಕೇಳುವುದು, ಇವನ್ನೆಲ್ಲ ಕಲಿತ ಹೆಂಗಸರು ಗ್ರಾಮ ಪಂಚಾಯಿತಿಗಳಿಗೂ ಬಂದರು. ಈ ಜಿಲ್ಲೆಯಲ್ಲಿ ನಾಯಕತ್ವದ ಅತಿ ದೊಡ್ಡ ಶಾಲೆ ಇದೇ ಇರಬೇಕು.

ಸ್ವಯಂಸೇವಕರ ತಂಡಕ್ಕೆ ಕರೆಯುವುದು ಸುಲಭ, ಎರಡನೆಯ ವಾರವೂ ಬರುವಂತೆ ಮಾಡುವುದು ಕಷ್ಟ. ಮಂಗಳಾದೇವಿ ಬಳಿಯ ರಾಮಕೃಷ್ಣ ಮಠ ನಡೆಸಿದ ಸ್ವಚ್ಛ ಮಂಗಳೂರು ಅಭಿಯಾನ ವರ್ಷಗಟ್ಟಲೆ ಭಾನುವಾರದ ಬೆಳಗುಗಳಲ್ಲಿ ನಡೆಯಿತು. ದಿನ, ಹೊತ್ತು ಬದಲಾಗದಿರುವುದು, ಬಂದವರ ಕೈಗೆ ಕೂಡಲೇ ಪೊರಕೆ, ಗುದ್ದಲಿ ಸಿಗುವುದು, ಕೆಲಸದ ಜಾಗ ಮೊದಲೇ ಗೊತ್ತಿರುವುದು, ಸ್ವಾಮೀಜಿಗಳೂ ಜೊತೆಗೆ ಗುಡಿಸುವುದು, ಮಧ್ಯಾಹ್ನದೊಳಗೆ ಒಂದು ಗೋಡೆಯಾದರೂ ಕಣ್ಣಿಗೆ ಕಾಣುವಂತೆ ಬದಲಾಗಿರುವುದು, ಇವಿಷ್ಟರ ಮೇಲೆ ಅಂಥ ಅಭಿಯಾನಗಳು ನಿಲ್ಲುತ್ತವೆ.

ಔಪಚಾರಿಕ ಶಿಕ್ಷಣ ಇದರಲ್ಲಿ ಎಲ್ಲಿ ನಿಲ್ಲುತ್ತದೆ? 1880ರ ಸಂತ ಅಲೋಶಿಯಸ್ ಕಾಲೇಜು, 1960ರಲ್ಲಿ ಕೆಆರ್‌ಇಸಿ ಎಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿದ ಸುರತ್ಕಲ್‌ನ ಎನ್‌ಐಟಿಕೆ, 1980ರ ಮಂಗಳೂರು ವಿಶ್ವವಿದ್ಯಾನಿಲಯ, ಮಣಿಪಾಲದ ಟಿ.ಎ. ಪೈ ಮ್ಯಾನೇಜ್‌ಮೆಂಟ್ ಸಂಸ್ಥೆ ಇವೆಲ್ಲ ಇರುವ ಪ್ರದೇಶಕ್ಕೆ ಪದವೀಧರರ ಕೊರತೆಯಿಲ್ಲ. ಗುಂಪು ಪ್ರಾಜೆಕ್ಟುಗಳೂ ಎಲ್ಲ ಕಾಲೇಜುಗಳಲ್ಲಿವೆ. ಆದರೆ ಹೆಚ್ಚಿನ ಕಡೆ ಐದು ಹೆಸರು ಬರೆದು ಒಂದು ವರದಿ ಕೇಳುತ್ತಾರೆ. ಇಬ್ಬರು ದುಡಿಯುತ್ತಾರೆ, ಮೂವರು ಸಹಿ ಹಾಕುತ್ತಾರೆ. ರಿಂಗಲ್ಮನ್ ಕಂಡದ್ದೇ ಮತ್ತೆ ನಡೆಯುತ್ತದೆ. ಕೆಲಸವನ್ನು ಮೊದಲೇ ಹಂಚಿ ಬರೆಸಿದರೆ, ಮುಂದಾಳುತನವನ್ನು ಸರದಿಯಲ್ಲಿ ಕೊಟ್ಟರೆ, ಮುಗಿದ ಮೇಲೆ ಏನಾಯಿತೆಂದು ಎಲ್ಲರೂ ಕುಳಿತು ಮಾತಾಡಿದರೆ ಅದೇ ಪ್ರಾಜೆಕ್ಟು ನಿಜವಾದ ಅಭ್ಯಾಸವಾಗುತ್ತದೆ. ಕೊನೆಯದಕ್ಕೆ ಸಂಶೋಧನೆಯ ಬೆಂಬಲ ಬಲವಾಗಿದೆ: ಕೆಲಸದ ನಂತರದ ಇಂಥ ವಿಮರ್ಶೆಯ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2013ರಲ್ಲಿ ಟ್ಯಾನನ್‌ಬೌಮ್ ಮತ್ತು ಸೆರಸೊಲಿ ನೋಡಿದಾಗ, ಸರಿಯಾಗಿ ವಿಮರ್ಶೆ ಮಾಡುವ ತಂಡಗಳ ಸಾಧನೆ ಮಾಡದವುಗಳಿಗಿಂತ ಸುಮಾರು ಕಾಲುಭಾಗದಷ್ಟು ಹೆಚ್ಚಿತ್ತು. ಯಾರ ತಪ್ಪು ಎಂದು ಹುಡುಕದೆ ಏನು ನಡೆಯಿತು, ಯಾಕೆ, ಮುಂದಿನ ಸಲ ಏನು ಬದಲಿಸಬೇಕು ಎಂಬಲ್ಲಿಗೆ ಮಾತು ನಿಲ್ಲಬೇಕು. ಎನ್‌ಎಸ್‌ಎಸ್ ಶಿಬಿರಗಳಲ್ಲಿ ದಿನದ ಅವಲೋಕನ ಮಾಡುವ ರೂಢಿ ಇದ್ದೇ ಇದೆ. ಅದನ್ನು ತರಗತಿಗೆ ತರಲು ಹೊಸ ಪಠ್ಯಪುಸ್ತಕ ಬೇಕಿಲ್ಲ.

ತಂಡ ಮುಗಿಯುವುದಕ್ಕೂ ಒಂದು ಕ್ರಮ ಬೇಕು. ಟಕ್‌ಮನ್ ಮೊದಲು ಇದನ್ನು ಎಣಿಸಿರಲಿಲ್ಲ; 1977ರಲ್ಲಿ ಮೇರಿ ಆನ್ ಜೆನ್ಸನ್ ಜೊತೆ ಬರೆದಾಗ ವಿಸರ್ಜನೆಯನ್ನು ಐದನೆಯ ಹಂತವಾಗಿ ಸೇರಿಸಿದರು. ಮೇಳಗಳಿಗೆ ಪತ್ತನಾಜೆ ಅಂಥ ಗಡಿ. ಗೆಜ್ಜೆ ಬಿಚ್ಚಿ, ಲೆಕ್ಕ ತೀರಿಸಿ, ಮುಂದಿನ ತಿರುಗಾಟಕ್ಕೆ ಯಾರು ಉಳಿಯುತ್ತಾರೆ, ಯಾರು ಬೇರೆ ಮೇಳಕ್ಕೆ ಹೋಗುತ್ತಾರೆ ಎಂಬುದು ಮಳೆಗಾಲದಲ್ಲಿ ಇತ್ಯರ್ಥವಾಗುತ್ತದೆ. ಎರಡನೇ ವೇಷದವನಿಗೆ ಒಂದನೇ ಸ್ಥಾನ, ಸಂಗೀತಗಾರನಿಗೆ ಭಾಗವತಿಕೆ ಸಿಗುವುದೂ ಸಾಮಾನ್ಯವಾಗಿ ಆಗಲೇ. ಕಚೇರಿಗಳಲ್ಲಿ ಇಂಥ ಗಡಿ ಇಲ್ಲ. ಪ್ರಾಜೆಕ್ಟು ಮುಗಿದ ಸೋಮವಾರವೇ ಜನ ಬೇರೆ ಬೇರೆ ಕಡೆ ಚೆದುರುತ್ತಾರೆ. ಎರಡು ವರ್ಷ ಒಟ್ಟಿಗೆ ದುಡಿದು ತಿಳಿದುಕೊಂಡದ್ದು ಬರವಣಿಗೆಗೆ ಬರುವುದಿಲ್ಲ. ಮುಖ್ಯಸ್ಥರ ವರ್ಗಾವಣೆಯಾದರೆ ಮುಂದಿನವರು ಸೊನ್ನೆಯಿಂದ ಶುರುಮಾಡುತ್ತಾರೆ. ಬಿಡುವ ಮೊದಲು ಕಲಿತದ್ದನ್ನು ಎರಡು ಪುಟದಲ್ಲಾದರೂ ಬರೆದಿಡುವುದು, ಉತ್ತರಾಧಿಕಾರಿಯನ್ನು ಕನಿಷ್ಠ ಆರು ತಿಂಗಳು ಮೊದಲೇ ಗುರುತಿಸಿ ಸಣ್ಣ ಸಭೆಗಳನ್ನು ಅವರಿಂದಲೇ ನಡೆಸಿಸುವುದು, ದುಡಿದವರ ಹೆಸರನ್ನು ಎಲ್ಲರೆದುರು ಹೇಳಿ ಬೀಳ್ಕೊಡುವುದು, ಇವು ಮೂರು ಯಾವ ಸಂಸ್ಥೆಗೂ ಖರ್ಚಿಲ್ಲದೆ ಇವತ್ತೇ ಶುರುಮಾಡಬಹುದಾದ ಕೆಲಸಗಳು.